ಕಮ್ಮಾರನ ಉಳಿಗೆ ಯಾವ ಉಕ್ಕು?



ಬಡಗಿಯ ಉಳಿಯನ್ನು ಮಾಡಿಕೊಡುವವನು ಕಮ್ಮಾರ. ಕಲ್ಲುಕುಟಿಗನ ಚಾಣ, ಚಮ್ಮಾರನ ರಂಪಿಗೆ, ರೈತನ ಕುಡುಗೋಲು, ನೇಗಿಲ ಗುಳ, ಸೌದೆ ಸೀಳುವವನ ಕೊಡಲಿ ಎಲ್ಲವೂ ಹುಟ್ಟುವುದು ಕುಲುಮೆಯಲ್ಲೇ. ಹಾಗಾದರೆ ಕಮ್ಮಾರನ ಇಕ್ಕಳವನ್ನು ಮಾಡಿಕೊಡುವವರು ಯಾರು? ಅವನ ಸುತ್ತಿಗೆಯನ್ನು, ಕೆಂಪಗೆ ಕಾದ ಕಬ್ಬಿಣವನ್ನು ಕತ್ತರಿಸುವ ಅವನ ಉಳಿಯನ್ನು, ತೂತು ಕೊರೆಯುವ ಅವನ ಮೊಳೆಯನ್ನು? ಉತ್ತರ ಒಂದೇ: ಅವನೇ. ದರ್ಜಿ ತನ್ನ ಕತ್ತರಿಯನ್ನು ತಾನೇ ಮಾಡಿಕೊಳ್ಳಲಾರ, ಬಡಗಿ ತನ್ನ ಗರಗಸವನ್ನು ಮಾಡಿಕೊಳ್ಳಲಾರ. ತನ್ನ ಕಸುಬಿಗೆ ಬೇಕಾದ ಬಹುಪಾಲು ಸಲಕರಣೆಯನ್ನು ಅದೇ ಕಸುಬಿನಿಂದಲೇ ಹುಟ್ಟಿಸಿಕೊಳ್ಳುವ ಭಾಗ್ಯ ಕಮ್ಮಾರನಷ್ಟು ಮತ್ತಾರಿಗೂ ಇಲ್ಲ.

ಭಾಗ್ಯದ ಬೆನ್ನಿಗೇ ಒಂದು ಪೇಚೂ ಇದೆ. ಹಿಂದೆ ಅನೇಕ ಕಡೆ ಆಯದ ಪದ್ಧತಿಯಲ್ಲಿ ರೈತನೇ ಕಬ್ಬಿಣ ತಂದುಕೊಡುತ್ತಿದ್ದ, ಸುಗ್ಗಿಯಲ್ಲಿ ಕಮ್ಮಾರನಿಗೆ ಕಾಳು ಅಳೆಯುತ್ತಿದ್ದ. ಕುಡುಗೋಲಿನ ಬಾಯಿ ಮಡಚಿಕೊಂಡರೆ ರೈತ ಮರುದಿನ ಬಂದು ಗೊಣಗುತ್ತಿದ್ದ, ಅಷ್ಟೆ. ಆದರೆ ಕಮ್ಮಾರ ತನ್ನ ಉಳಿಗೆ ತಪ್ಪು ಉಕ್ಕನ್ನು ಆರಿಸಿಕೊಂಡರೆ ದೂರು ಹೇಳಲು ಯಾರೂ ಬರುವುದಿಲ್ಲ. ಉಳಿಯ ತಲೆಯಿಂದ ಸಿಡಿದ ಚೂರು ನೇರವಾಗಿ ಅವನ ಕಣ್ಣಿಗೆ ಬರುತ್ತದೆ, ಇಲ್ಲವೇ ಎದುರಿಗೆ ನಿಂತು ಸಮ್ಮಟಿಗೆ ಬೀಸುವ ಅವನ ಮಗನ ಕಣ್ಣಿಗೆ. ಆದ್ದರಿಂದ ಯಾವ ಹತಾರಕ್ಕೆ ಯಾವ ಉಕ್ಕು ಎಂಬುದು ಲೋಹಶಾಸ್ತ್ರದ ಪಂಡಿತರಿಗೆ ಮಾತ್ರ ಬಿಟ್ಟ ಪ್ರಶ್ನೆಯಲ್ಲ. ಊರಿನ ಕುಲುಮೆಯಲ್ಲಿ ದಿನವೂ ತೀರ್ಮಾನವಾಗುವ ಪ್ರಶ್ನೆ ಅದು. ಈಚೆಗೆ ಪಟ್ಟಣದ ಮನೆಯ ಹಿತ್ತಿಲಲ್ಲಿ ಹವ್ಯಾಸಕ್ಕಾಗಿ ಕುಲುಮೆ ಹೂಡುವ ತರುಣರೂ ಕಾಣಿಸಿಕೊಳ್ಳುತ್ತಿರುವುದರಿಂದ ಅವರಿಗೂ ಇದು ಬೇಕಾದ ಮಾತು.

ಮೊದಲು ಕಬ್ಬಿಣಕ್ಕೂ ಉಕ್ಕಿಗೂ ಇರುವ ವ್ಯತ್ಯಾಸವನ್ನು ನೋಡೋಣ. ಎರಡೂ ನೋಡಲು ಒಂದೇ, ತೂಗಲು ಒಂದೇ. ವ್ಯತ್ಯಾಸವಿರುವುದು ಒಳಗೆ ಬೆರೆತ ಇಂಗಾಲದಲ್ಲಿ, ಅಂದರೆ ಇದ್ದಿಲಿನ ಸತ್ವದಲ್ಲಿ. ಸಾರಿಗೆ ಉಪ್ಪು ಹಾಕಿದಂತೆ ಇದರ ಲೆಕ್ಕ. ಪ್ರಮಾಣ ಅತ್ಯಲ್ಪ, ಪರಿಣಾಮ ಅಪಾರ. ಒಂದು ಕಿಲೋ ಲೋಹದಲ್ಲಿ 2-3 ಗ್ರಾಂ ಇಂಗಾಲವಿದ್ದರೆ ಅದು ಕಿಟಕಿ ಸರಳಿನ ಮೆದು ಉಕ್ಕು. ಎಷ್ಟು ಕಾಯಿಸಿ ನೀರಿಗದ್ದಿದರೂ ಹೇಳಿಕೊಳ್ಳುವಂಥ ಗಡಸು ಬರುವುದಿಲ್ಲ. 4-6 ಗ್ರಾಂ ಇದ್ದರೆ ಸುತ್ತಿಗೆಗೆ, ಅಚ್ಚಿಗೆ ತಕ್ಕದ್ದು. 6-10 ಗ್ರಾಂ ಇದ್ದರೆ ಚಾಣ, ಉಳಿ, ಕತ್ತಿಗಳ ಉಕ್ಕು. 12 ಗ್ರಾಮಿನ ಸುಮಾರಿಗೆ ಅರದ ಉಕ್ಕು. 20 ಗ್ರಾಂ ದಾಟಿತೆಂದರೆ ಅದು ಬೀಡು ಕಬ್ಬಿಣ. ಕಾಯಿಸಿ ಬಡಿದರೆ ಬೆಲ್ಲದಂತೆ ಪುಡಿಯಾಗುತ್ತದೆ, ಎರಕ ಹೊಯ್ಯಲು ಮಾತ್ರ ಲಾಯಕ್ಕು. ಹೀಗೆ ಹಿಡಿಯಷ್ಟು ಕಬ್ಬಿಣ ಕಿಟಕಿಯ ಸರಳಾಗುವುದೂ ಅರವಾಗುವುದೂ ಒಂದು ಚಿಟಿಕೆ ಇಂಗಾಲದ ಆಟ.

ಇಂಗಾಲ ಸಾಕಷ್ಟಿರುವ ಉಕ್ಕಿಗೆ ಒಂದು ವಿಚಿತ್ರ ಗುಣವಿದೆ. ಅದನ್ನು ಕೆಂಪಗೆ ಕಾಯಿಸಿ ತಟ್ಟನೆ ತಣಿಸಿದರೆ ಗಾಜಿನಷ್ಟು ಗಡಸಾಗುತ್ತದೆ, ಗಾಜಿನಷ್ಟೇ ಪೆಡಸೂ ಆಗುತ್ತದೆ. ಆ ಸ್ಥಿತಿಯಲ್ಲಿ ಅದನ್ನು ಬಳಸುವಂತಿಲ್ಲ. ಮತ್ತೆ ಹದವಾಗಿ ಬಿಸಿ ಮಾಡಿ ಗಡಸಿನಲ್ಲಿ ಸ್ವಲ್ಪವನ್ನು ಬಿಟ್ಟುಕೊಟ್ಟು ಜಿಗುಟನ್ನು ಪಡೆಯಬೇಕು. ಇದೇ ಹದ ಕೊಡುವುದು. ಇಲ್ಲಿ ಕಮ್ಮಾರನಿಗೆ ಉಷ್ಣಮಾಪಕವಾಗುವುದು ಬಣ್ಣ. ಉಜ್ಜಿ ಹೊಳಪು ಮಾಡಿದ ಉಕ್ಕು ಬಿಸಿಯೇರುತ್ತಿದ್ದಂತೆ ಮೊದಲು ಒಣಹುಲ್ಲಿನ ಹಳದಿ, ಆಮೇಲೆ ಕಂದು, ಆಮೇಲೆ ನೇರಳೆ, ಕೊನೆಗೆ ನೀಲಿ ಬಣ್ಣಕ್ಕೆ ತಿರುಗುತ್ತದೆ. ಹಳದಿ ಎಂದರೆ ಸುಮಾರು 220-230 ಡಿಗ್ರಿ ಸೆಂಟಿಗ್ರೇಡ್, ನೀಲಿ ಎಂದರೆ ಸುಮಾರು 300. ಈ ಎಂಬತ್ತು ಡಿಗ್ರಿಗಳ ನಡುವೆ ಒಂದು ಉಳಿಯ ಬಾಳುವೆಯೇ ಅಡಗಿದೆ. ಸಾಧಾರಣ ಉಕ್ಕಿನ ಚಾಣವನ್ನು ಹಳದಿಗೇ ನಿಲ್ಲಿಸಿದರೆ ಬಾಯಿ ಮುಕ್ಕಾಗುತ್ತದೆ. ನೀಲಿಯನ್ನೂ ದಾಟಲು ಬಿಟ್ಟರೆ ಬಾಯಿ ಮಡಚುತ್ತದೆ.

ಕುಲುಮೆಗಳು ಯಾವಾಗಲೂ ಕತ್ತಲೆಯ ಗೂಡುಗಳಾಗಿರುವುದನ್ನು ಎಲ್ಲರೂ ಗಮನಿಸಿರಬಹುದು. ಬಡತನದಿಂದ ಕಿಟಕಿ ಇಡಿಸಿಲ್ಲ ಎಂದುಕೊಳ್ಳುವವರಿದ್ದಾರೆ. ಆದರೆ ಕಾದ ಕಬ್ಬಿಣದ ಮಸಕು ಕೆಂಪಿಗೂ ಚೆರ್ರಿ ಹಣ್ಣಿನ ಕೆಂಪಿಗೂ ಇರುವ ಅಂತರ ಬಿಸಿಲಿನಲ್ಲಿ ಕಾಣುವುದಿಲ್ಲ. ಮಸಕು ಕೆಂಪು ಸುಮಾರು 700 ಡಿಗ್ರಿ, ಮತ್ತೊಂದು ಸುಮಾರು 800. ಗಡಸುಗೊಳಿಸಲು ಮೊದಲನೆಯದು ಸಾಲದು. ಸಂಶಯವಿದ್ದವರು ಒಂದು ಅಯಸ್ಕಾಂತದ ತುಂಡನ್ನು ತಂತಿಗೆ ಕಟ್ಟಿ ತೂಗುಹಾಕಿಕೊಳ್ಳಬಹುದು: 770 ಡಿಗ್ರಿಯ ಹತ್ತಿರ ಉಕ್ಕು ಅಯಸ್ಕಾಂತಕ್ಕೆ ಅಂಟುವುದನ್ನು ಬಿಡುತ್ತದೆ. ಅದರ ಮೇಲೆ ಇನ್ನೊಂದು ಸ್ವಲ್ಪ ಕಾವು ಕೊಟ್ಟು ಅದ್ದಿದರೆ ಸಾಧಾರಣ ಉಕ್ಕಿಗೆ ಸರಿಹೋಗುತ್ತದೆ. ಸಾಧಾರಣ ಉಕ್ಕಿಗೆ ಎಂಬ ಮಾತನ್ನು ನೆನಪಿಟ್ಟುಕೊಳ್ಳಿ. ಮುಂದೆ ಅದರ ಅಗತ್ಯ ಬೀಳುತ್ತದೆ.

ಉಕ್ಕಿನ ಮಾತು ಬಂದಾಗ ಕನ್ನಡಿಗರಿಗೆ ಸ್ವಲ್ಪ ಎದೆಯುಬ್ಬುವುದು ಸಹಜವೇ. ಹಾವೇರಿ ಜಿಲ್ಲೆಯ ಹಳ್ಳೂರಿನ ಉತ್ಖನನದಲ್ಲಿ ಸುಮಾರು ಮೂರು ಸಾವಿರ ವರ್ಷಗಳ ಹಿಂದಿನ ಕಬ್ಬಿಣದ ವಸ್ತುಗಳು ದೊರೆತಿವೆ. ಇಂಗ್ಲಿಷಿನ ‘ವೂಟ್ಸ್’ ಎಂಬ ಪದ ನಮ್ಮ ‘ಉಕ್ಕು’ ಎಂಬುದರಿಂದಲೇ ಬಂದದ್ದು ಎಂಬ ಅಭಿಪ್ರಾಯಕ್ಕೆ ವಿದ್ವಾಂಸರಲ್ಲಿ ಹೆಚ್ಚಿನ ಮನ್ನಣೆ ಇದೆ. 1794ರಲ್ಲಿ ಮುಂಬಯಿಯಿಂದ ಹೆಲೆನಸ್ ಸ್ಕಾಟ್ ಎಂಬ ವೈದ್ಯ ಈ ಉಕ್ಕಿನ ಮಾದರಿಯನ್ನು ಲಂಡನ್ನಿಗೆ ಕಳಿಸಿದ. ಮರುವರ್ಷವೇ ಜಾರ್ಜ್ ಪಿಯರ್ಸನ್ ಅದರ ಬಗ್ಗೆ ರಾಯಲ್ ಸೊಸೈಟಿಯಲ್ಲಿ ಪ್ರಬಂಧ ಓದಿದ. 1800-01ರಲ್ಲಿ ಮೈಸೂರು ಸೀಮೆಯನ್ನೆಲ್ಲ ಸುತ್ತಿದ ಫ್ರಾನ್ಸಿಸ್ ಬುಕಾನನ್ ಇಲ್ಲಿ ಉಕ್ಕು ಮಾಡುವ ಬಗೆಯನ್ನು ಕಣ್ಣಾರೆ ಕಂಡು ಬರೆದಿಟ್ಟಿದ್ದಾನೆ. ಮಣ್ಣಿನ ಮೂಸೆಯಲ್ಲಿ ಕಬ್ಬಿಣದ ತುಂಡು, ತಂಗಡಿ ಗಿಡದ ಕಡ್ಡಿ, ಒಂದೆರಡು ಹಸಿರೆಲೆ ಇಟ್ಟು, ಬಾಯಿಗೆ ಮಣ್ಣು ಮೆತ್ತಿ ಗಂಟೆಗಟ್ಟಲೆ ತಿದಿಯೊತ್ತಿ ಕಾಯಿಸುವ ಕ್ರಮ ಅದು. ಕಡ್ಡಿ ಒಳಗೇ ಇದ್ದಿಲಾಗಿ, ಅದರ ಇಂಗಾಲ ಕಬ್ಬಿಣಕ್ಕೆ ಸೇರಿ, ಕಬ್ಬಿಣ ಉಕ್ಕಾಗುತ್ತಿತ್ತು. ಚನ್ನಪಟ್ಟಣದಲ್ಲಿ ವಾದ್ಯಗಳಿಗೆ ಉಕ್ಕಿನ ತಂತಿ ಎಳೆಯುತ್ತಿದ್ದುದನ್ನೂ ಬುಕಾನನ್ ನೋಡಿದ್ದ. ಇಂದು ಬೊಂಬೆಗೆ ಹೆಸರಾದ ಊರು ಅಂದು ವೀಣೆಗೆ ತಂತಿ ಒದಗಿಸುತ್ತಿತ್ತು.

ಆದರೆ ಇಲ್ಲೊಂದು ಸೂಕ್ಷ್ಮವಿದೆ, ಹೆಮ್ಮೆಯ ಭರದಲ್ಲಿ ಅದು ಮರೆತುಹೋಗುತ್ತದೆ. ಮೂಸೆಯ ಉಕ್ಕಿನಲ್ಲಿ ಇಂಗಾಲ ಬಹಳ, ಕಿಲೋಗೆ 15 ಗ್ರಾಮಿನ ಆಸುಪಾಸು. ಖಡ್ಗದ ಅಲಗಿಗೆ ಅದು ಜಗತ್ಪ್ರಸಿದ್ಧವಾಯಿತು, ನಿಜ. ಅದೇ ಉಕ್ಕನ್ನು ಹಳದಿ ಕಾವಿಗೆ ಏರಿಸಿ ಬಡಿದ ಯೂರೋಪಿನ ಕಮ್ಮಾರರಿಗೆ ಅದು ಅಡಿಗಲ್ಲಿನ ಮೇಲೆ ಚೂರುಚೂರಾಗಿ ಹೋಯಿತು. ತಗ್ಗು ಕಾವಿನಲ್ಲಿ ತಾಳ್ಮೆಯಿಂದ ಬಡಿಯಬೇಕಾದ ಲೋಹ ಅದು. ಇನ್ನು ಅದರಿಂದ ಸುತ್ತಿಗೆ ಮಾಡುವುದಂತೂ ಸಲ್ಲದ ಮಾತು. ಶ್ರೇಷ್ಠವಾದ ಉಕ್ಕು ಎಂಬುದೇ ಇಲ್ಲ, ಇಂಥ ಕೆಲಸಕ್ಕೆ ತಕ್ಕ ಉಕ್ಕು ಎಂಬುದಷ್ಟೇ ಇದೆ. ಹಳೆಯ ಕಮ್ಮಾರರಿಗೆ ಇದು ಗೊತ್ತಿತ್ತು. ಉಕ್ಕು ದುಬಾರಿಯಾಗಿದ್ದ ಕಾಲದಲ್ಲಿ ಕೊಡಲಿಯ ಮೈಯನ್ನು ಮೆದು ಕಬ್ಬಿಣದಿಂದ ಮಾಡಿ, ಬಾಯಿಗೆ ಮಾತ್ರ ಉಕ್ಕಿನ ತುಂಡನ್ನು ಕಾವಿನಲ್ಲೇ ಬೆಸೆಯುತ್ತಿದ್ದರು. ಅದರಲ್ಲಿ ಉಳಿತಾಯವೂ ಇತ್ತು, ಜಾಣತನವೂ ಇತ್ತು. ಮೆದು ಮೈ ಏಟಿನ ಅದಿರನ್ನು ನುಂಗಿಕೊಳ್ಳುತ್ತಿತ್ತು.

ಆಮೇಲಿನ ಕಥೆ ಬೇಗ ಹೇಳಿ ಮುಗಿಸುವಂಥದು. 1856ರಲ್ಲಿ ಬೆಸೆಮರ್ ವಿಧಾನ ಬಂದು ಉಕ್ಕು ಅಗ್ಗವಾಯಿತು, ಹಡಗುಗಟ್ಟಲೆ ಇಲ್ಲಿಗೂ ಬಂತು, ಮೂಸೆಗಳು ತಣ್ಣಗಾದವು. ಇತ್ತ ಮೂಸೆಯ ಉಕ್ಕಿನ ಗುಟ್ಟು ಹುಡುಕಲು ಹೊರಟವರಲ್ಲಿ ಮೈಕೆಲ್ ಫ್ಯಾರಡೆಯೂ ಒಬ್ಬ. ಕಮ್ಮಾರನ ಮಗನಾದ ಈ ವಿಜ್ಞಾನಿ 1820ರ ಹೊತ್ತಿಗೆ ಜೇಮ್ಸ್ ಸ್ಟೋಡಾರ್ಟ್ ಎಂಬ ಕತ್ತರಿ-ಚಾಕುಗಳ ತಯಾರಕನೊಂದಿಗೆ ಸೇರಿ ಉಕ್ಕಿಗೆ ಬೆಳ್ಳಿ, ಪ್ಲಾಟಿನಂ, ಕ್ರೋಮಿಯಂಗಳನ್ನೆಲ್ಲ ಬೆರೆಸಿ ನೋಡಿದ. ಗುಟ್ಟು ಅವನಿಗೆ ಸಿಗಲಿಲ್ಲ. ಆದರೆ ಉಕ್ಕಿಗೆ ಬೇರೆ ಲೋಹ ಬೆರೆಸುವ ವಿಚಾರ ಅಲ್ಲಿಂದ ಬೆಳೆಯಿತು. 1882ರಲ್ಲಿ ಹ್ಯಾಡ್‌ಫೀಲ್ಡನ ಮ್ಯಾಂಗನೀಸ್ ಉಕ್ಕು ಬಂತು, ಮುಂದೆ ಕ್ರೋಮಿಯಂ, ವೆನೇಡಿಯಂ, ಮಾಲಿಬ್ಡಿನಂಗಳ ಉಕ್ಕುಗಳು ಬಂದವು. ನಮ್ಮಲ್ಲೂ 1923ರಲ್ಲಿ ಭದ್ರಾವತಿಯ ಕಾರ್ಖಾನೆ ಇದ್ದಿಲಿನ ಊದುಕುಲುಮೆಯಲ್ಲಿ ಕಬ್ಬಿಣ ತೆಗೆಯಲಾರಂಭಿಸಿತು, ಮುಂದೆ ಮಿಶ್ರ ಉಕ್ಕುಗಳಿಗೆ ಹೆಸರಾಯಿತು.

ಇಲ್ಲಿಂದಲೇ ಕಮ್ಮಾರನ ತೊಂದರೆ ಆರಂಭವಾದದ್ದು. ಹಿಂದೆ ಅವನಿಗೆ ಕಬ್ಬಿಣ ಒಂದು, ಉಕ್ಕು ಒಂದು. ಎರಡನ್ನು ತಿಳಿದರೆ ಸಾಕಿತ್ತು. ಈಗ ಉಕ್ಕುಗಳು ನೂರಾರು, ಒಂದೊಂದರ ಸ್ವಭಾವ ಒಂದೊಂದು. ಕಾರ್ಖಾನೆಯಿಂದ ಹೊರಬೀಳುವಾಗ ಪ್ರತಿ ಸರಳಿಗೂ ಗುರುತಿನ ಸಂಖ್ಯೆ ಇರುತ್ತದೆ, ತುದಿಗೆ ಬಣ್ಣವಿರುತ್ತದೆ. ಅದು ಲಾರಿಯ ಭಾಗವಾಗಿ, ಹತ್ತಾರು ವರ್ಷ ದುಡಿದು, ಗುಜರಿ ಅಂಗಡಿಗೆ ಬಂದು ಬೀಳುವ ಹೊತ್ತಿಗೆ ಹೆಸರು, ಗುರುತು, ಬಣ್ಣ ಎಲ್ಲವನ್ನೂ ಕಳೆದುಕೊಂಡು ಬರೇ ತುಕ್ಕು ಹಿಡಿದ ತುಂಡಾಗಿರುತ್ತದೆ. ಊರಿನ ಕಮ್ಮಾರನ ಉಕ್ಕಿನ ಗಣಿ ಇಂದು ಈ ಗುಜರಿ ಅಂಗಡಿಯೇ. ಅಲ್ಲಿ ಏನೇನು ಸಿಗುತ್ತದೆ, ಯಾವುದು ಯಾವುದಕ್ಕೆ ಆದೀತು ಎಂದು ಸ್ವಲ್ಪ ವಿವರವಾಗಿಯೇ ನೋಡಬೇಕು.

ಎಲ್ಲಕ್ಕಿಂತ ಮೊದಲು ಕಣ್ಣಿಗೆ ಬೀಳುವುದು ಲಾರಿಯ ಕಮಾನು ಪಟ್ಟಿ. ಕನ್ನಡ ನಾಡಿನ ಮಚ್ಚು, ಕುಡುಗೋಲುಗಳಲ್ಲಿ ಎಷ್ಟೋ ಒಂದು ಕಾಲದಲ್ಲಿ ಲಾರಿಯ ಭಾರ ಹೊತ್ತವು. ಇದರಲ್ಲಿ ಕಿಲೋಗೆ ಸುಮಾರು 5-6 ಗ್ರಾಂ ಇಂಗಾಲವಿರುತ್ತದೆ, ಜೊತೆಗೆ ಸಿಲಿಕಾನ್ ಮತ್ತು ಮ್ಯಾಂಗನೀಸ್, ಅಥವಾ ಕ್ರೋಮಿಯಂ ಬೆರೆತಿರುತ್ತದೆ. ಕಮ್ಮಾರನ ಉಳಿಗೆ, ಅಡಿಗಲ್ಲಿನ ಮೇಲೆ ನಿಲ್ಲಿಸಿ ಕತ್ತರಿಸುವ ಅಲಗಿಗೆ, ತೂತಿನ ಮೊಳೆಗೆ ಇದು ಒಳ್ಳೆಯ ಉಕ್ಕು. ಜಿಗುಟಾದದ್ದು, ಏಟು ತಾಳುವಂಥದು. ಆದರೆ ಇದನ್ನು ಕೆಡಿಸುವ ದಾರಿಯೂ ಒಂದಿದೆ, ಹಳೆಯ ಕೈಗಳೇ ಹೆಚ್ಚಾಗಿ ಅದರಲ್ಲಿ ಬೀಳುವುದು. ತಾತನ ಕಾಲದಿಂದ ಉಕ್ಕನ್ನು ಅದ್ದುತ್ತಿದ್ದುದು ಪಕ್ಕದ ಕಲ್ಲುಬಾನಿಯ ನೀರಿಗೆ. ಸಾಧಾರಣ ಉಕ್ಕಿಗೆ ಅದು ಸರಿ. ಕಮಾನು ಪಟ್ಟಿಗೆ ಎಣ್ಣೆ ಬೇಕು. ಬೆರೆತ ಲೋಹಗಳಿಂದಾಗಿ ನಿಧಾನವಾಗಿ ತಣಿದರೂ ಅದು ಗಡಸಾಗುತ್ತದೆ. ನೀರಿನ ರಭಸಕ್ಕೆ ಒಳಗೊಳಗೇ ಬಿರಿಯುತ್ತದೆ. ‘ಚಳಿಗೆ ಒಡೆಯಿತು’, ‘ಉಕ್ಕು ಕೆಟ್ಟದ್ದು’ ಎಂದು ಹೇಳುವುದುಂಟು. ಕೆಟ್ಟದ್ದು ಉಕ್ಕಲ್ಲ, ನೀರು. ಒಂದು ಉಕ್ಕಿನಲ್ಲಿ ಪಡೆದ ಅನುಭವ ಮತ್ತೊಂದು ಉಕ್ಕಿನಲ್ಲಿ ಹಗೆಯಾಗುವುದು ಹೀಗೆ.

ಕಮಾನು ಪಟ್ಟಿಯಲ್ಲಿ ಇನ್ನೊಂದು ಕಳ್ಳನಿರುತ್ತಾನೆ. ಲಕ್ಷಾಂತರ ಸಲ ಬಾಗಿ ಎದ್ದ ಪಟ್ಟಿಯಲ್ಲಿ ಕೂದಲೆಳೆಯಷ್ಟು ಸೀಳುಗಳು ಹುಟ್ಟಿರುತ್ತವೆ, ಅದರಲ್ಲೂ ನಡುವಿನ ಬೋಲ್ಟಿನ ತೂತಿನ ಸುತ್ತ. ಬರಿಗಣ್ಣಿಗೆ ಕಾಣದ ಇವು ಉಳಿಯಾದ ಮೇಲೆ ಬಾಯಿ ಬಿಡುತ್ತವೆ. ಇದಕ್ಕೊಂದು ಸುಲಭ ಪರೀಕ್ಷೆ ಇದೆ. ತುಕ್ಕನ್ನು ಚೆನ್ನಾಗಿ ಉಜ್ಜಿ, ಸೀಮೆಎಣ್ಣೆಯಲ್ಲಿ ಒಂದಷ್ಟು ಹೊತ್ತು ನೆನೆಸಿ, ಬಟ್ಟೆಯಿಂದ ಒರೆಸಿ ಒಣಗಿಸಿ, ಮೇಲೆ ಸೀಮೆಸುಣ್ಣದ ಪುಡಿ ಬಳಿಯುವುದು. ಸೀಳಿದ್ದರೆ ಒಳಗೆ ಇಳಿದ ಎಣ್ಣೆ ಹೊರಗೆ ಜಿನುಗಿ ಬಿಳಿಯ ಮೇಲೆ ಕಪ್ಪು ಗೆರೆ ಮೂಡುತ್ತದೆ. ರೈಲ್ವೆಯವರು ಹಿಂದೆ ಅಚ್ಚುಗಳನ್ನು ಪರೀಕ್ಷಿಸುತ್ತಿದ್ದುದೂ ಇದೇ ತತ್ವದ ಮೇಲೆ. ಗೆರೆ ಕಂಡ ತುಂಡನ್ನು ಮೋಹವಿಲ್ಲದೆ ಗುಜರಿಗೇ ಹಿಂತಿರುಗಿಸಬೇಕು.

ಸುತ್ತಿಗೆಗೆ ಬೇಕಾದದ್ದು ಅಚ್ಚಿನ ಉಕ್ಕು. ಲಾರಿಯ ಅಚ್ಚು, ಯಂತ್ರದ ದಂಡ ಇವು ಮಧ್ಯಮ ಇಂಗಾಲದವು, ಕಿಲೋಗೆ 4 ಗ್ರಾಂ ಸುಮಾರು. ಪೀಣ್ಯದಂಥ ಕೈಗಾರಿಕಾ ಪ್ರದೇಶದ ಉಕ್ಕಿನ ಅಂಗಡಿಯಲ್ಲಿ ‘ಇಎನ್ 8’, ‘ಇಎನ್ 9’ ಎಂದು ಕೇಳಿದರೆ ಹೊಸದಾಗಿಯೇ ಇಂಥ ಉಕ್ಕು ಕತ್ತರಿಸಿ ಕೊಡುತ್ತಾರೆ. ಎರಡನೇ ಮಹಾಯುದ್ಧದ ಕಾಲದಲ್ಲಿ ಬ್ರಿಟನ್ನಿನಲ್ಲಿ ಹುಟ್ಟಿದ ಸಂಖ್ಯೆಗಳಿವು. ಯುದ್ಧ ಮುಗಿದು ಎಂಬತ್ತು ವರ್ಷವಾದರೂ ನಮ್ಮ ಅಂಗಡಿಗಳಲ್ಲಿ ಇನ್ನೂ ಅದೇ ಚಲಾವಣೆ. ಸುತ್ತಿಗೆ ಮಾಡುವಾಗ ಇಡೀ ತಲೆಯನ್ನು ಗಡಸು ಮಾಡುವ ಆಸೆ ಬೇಡ. ಮುಖಗಳೆರಡು ಮಾತ್ರ ಗಡಸಾಗಬೇಕು, ಕಾವು ತೂರಿಸುವ ತೂತಿನ ಸುತ್ತ ಮೆದುವಾಗಿಯೇ ಇರಬೇಕು. ತೂತಿನ ಪಕ್ಕದ ಗೋಡೆ ತೆಳು; ಅದು ಗಡಸಾದರೆ ಒಂದು ದಿನ ಬಿರಿದು ತಲೆಯೇ ಹಾರುತ್ತದೆ.

ರೈಲು ಹಳಿಯ ತುಂಡು ಬಹಳ ಜನರ ಅಡಿಗಲ್ಲು. ಹಳಿಯ ಉಕ್ಕಿನಲ್ಲಿ ಇಂಗಾಲ 6-8 ಗ್ರಾಂ, ಏಟಿಗೆ ಅದು ಮಣಿಯುವುದಿಲ್ಲ. ಮಲಗಿಸಿ ಬಳಸುವುದಕ್ಕಿಂತ ನೆಟ್ಟಗೆ ನಿಲ್ಲಿಸಿ ನೆಲಕ್ಕೆ ಹೂಳಿದರೆ ಒಳ್ಳೆಯದು, ಏಟಿನ ಕೆಳಗೆ ಇಡೀ ತುಂಡಿನ ಭಾರವೂ ನಿಲ್ಲುತ್ತದೆ. ಒಂದು ಎಚ್ಚರಿಕೆ: ರಸೀದಿ ಇಲ್ಲದ ಹಳಿಯ ತುಂಡು ಮನೆಯಲ್ಲಿದ್ದರೆ 1966ರ ರೈಲ್ವೆ ಆಸ್ತಿಯ ಕಾಯಿದೆ ಬಂದು ಬಾಗಿಲು ತಟ್ಟಬಹುದು. ತಾನು ಎಲ್ಲಿಂದ ಬಂದೆನೆಂದು ಹಳಿ ಹೇಳುವುದಿಲ್ಲ, ಇಟ್ಟುಕೊಂಡವರೇ ಹೇಳಬೇಕಾಗುತ್ತದೆ.

ಸವೆದ ಅರದ ಬಗ್ಗೆ ಇರುವಷ್ಟು ಮೋಹ ಬೇರಾವುದರ ಬಗ್ಗೆಯೂ ಇಲ್ಲ. ಒಳ್ಳೆಯ ಅರ ನಿಜವಾಗಿಯೂ ಉತ್ತಮ ಉಕ್ಕು; ಹದವರಿತು ಮಾಡಿದರೆ ಚಾಕು, ಕೆತ್ತನೆಯ ಬಾಚಿ ಅದರಿಂದ ಆಗುತ್ತವೆ. ಆದರೆ ಸುತ್ತಿಗೆಯಿಂದ ಹೊಡೆಸಿಕೊಳ್ಳುವ ಯಾವ ಹತಾರಕ್ಕೂ ಅದು ಸಲ್ಲದು. ಅರದ ತುದಿಯನ್ನು ಸಾಣೆಗೆ ಕೊಟ್ಟು ಹಾಗೆಯೇ ಚಾಣವಾಗಿ ಬಳಸುವವರನ್ನು ಕಂಡರೆ ತಡೆಯಬೇಕು. ಅದು ಪೂರ್ತಿ ಗಡಸಿನಲ್ಲಿರುವ ವಸ್ತು, ಮೊದಲ ಏಟಿಗೋ ನೂರನೆಯ ಏಟಿಗೋ ಗಾಜಿನಂತೆ ಸಿಡಿಯುತ್ತದೆ. ಕಾಯಿಸಿ ಬಡಿಯುವುದಿದ್ದರೂ ಮೊದಲು ಹಲ್ಲುಗಳನ್ನೆಲ್ಲ ಸಾಣೆ ಹಿಡಿದು ತೆಗೆಯಬೇಕು; ಒಂದೊಂದು ಹಲ್ಲಿನ ಬುಡವೂ ಬಿರುಕಿನ ಬೀಜ. ಬೇರಿಂಗಿನ ಬಳೆ, ಗುಂಡುಗಳದ್ದೂ ಬಹುಮಟ್ಟಿಗೆ ಇದೇ ಜಾತಕ: 10 ಗ್ರಾಂ ಇಂಗಾಲ, ಜೊತೆಗೆ ಕ್ರೋಮಿಯಂ. ಕಾವು ಸ್ವಲ್ಪ ಹೆಚ್ಚಾದರೆ ಪುಡಿ, ಸ್ವಲ್ಪ ಕಡಿಮೆಯಾದರೆ ಬಿರುಕು.

ಜಲ್ಲಿ ಕ್ರಷರಿನ ದವಡೆಯ ತಟ್ಟೆ ಗುಜರಿಯಲ್ಲಿ ಸಿಕ್ಕರೆ ಎಷ್ಟು ದಪ್ಪ, ಎಷ್ಟು ಗಟ್ಟಿ ಎಂದು ಸಂತೋಷಪಟ್ಟು ತರುವವರುಂಟು. ಅದು ಹ್ಯಾಡ್‌ಫೀಲ್ಡನ ಮ್ಯಾಂಗನೀಸ್ ಉಕ್ಕು. ಅದರ ನಡತೆಯೆಲ್ಲ ತಿರುವುಮುರುವು. ಅಯಸ್ಕಾಂತ ಅದಕ್ಕೆ ಅಂಟುವುದಿಲ್ಲ. ಬಡಿದಷ್ಟೂ ಮೇಲ್ಮೈ ಗಡಸಾಗುತ್ತದೆ. ಚೆನ್ನಾಗಿ ಕಾಯಿಸಿ ನೀರಿಗದ್ದಿದರೆ ಗಡಸಾಗುವುದಿಲ್ಲ, ಜಿಗುಟಾಗುತ್ತದೆ. ಕಾಯಿಸಿ ತನ್ನ ಪಾಡಿಗೆ ಆರಲು ಬಿಟ್ಟರೆ ಪೆಡಸಾಗುತ್ತದೆ. ಹಳ್ಳಿಯ ಕುಲುಮೆಗೆ ಒಗ್ಗದ ಅತಿಥಿ ಅದು. ತಣ್ಣಗಿರುವಾಗಲೇ ಅಯಸ್ಕಾಂತ ಅಂಟದ ತುಂಡನ್ನು ಉಳಿಗೆಂದು ಕೊಳ್ಳಬಾರದು ಎಂಬ ನಿಯಮ ಇಟ್ಟುಕೊಂಡರೆ ಇದರಿಂದ ಪಾರಾಗಬಹುದು.

ಈಗ ಇಕ್ಕಳಕ್ಕೆ ಬರೋಣ. ಇದು ಹೊಸಬರೆಲ್ಲ ಎಡವುವ ಜಾಗ. ಕಮಾನು ಪಟ್ಟಿ ಒಳ್ಳೆಯ ಉಕ್ಕು ಎಂದು ತಿಳಿದ ಮೇಲೆ ಇಕ್ಕಳವನ್ನೂ ಅದರಿಂದಲೇ ಮಾಡಿಬಿಡೋಣ ಎನ್ನಿಸುತ್ತದೆ. ಆದರೆ ಇಕ್ಕಳದ ದಿನಚರಿಯನ್ನು ಸ್ವಲ್ಪ ಯೋಚಿಸಿ. ಅದು ಬೆಂಕಿಯೊಳಗೆ ಬಾಯಿ ಹಾಕುತ್ತದೆ, ತಾನೂ ಕೆಂಪಾಗುತ್ತದೆ, ಕೈಗೆ ಬಿಸಿ ತಾಗಿದಾಗ ಕಮ್ಮಾರ ಅದನ್ನು ನೀರಿನ ಬಾನಿಗೆ ಅದ್ದುತ್ತಾನೆ. ದಿನಕ್ಕೆ ಐವತ್ತು ಸಲ ಇದು ನಡೆಯುತ್ತದೆ. ಗಡಸಾಗುವ ಉಕ್ಕಿನಿಂದ ಮಾಡಿದ ಇಕ್ಕಳಕ್ಕೆ ಹೀಗೆ ಗೊತ್ತಿಲ್ಲದೆಯೇ ಗಡಸು ಹತ್ತುತ್ತದೆ. ಹದವಿಲ್ಲದ, ಗಾಜಿನ ಗಡಸು. ಒಂದು ದಿನ ಧಗಧಗಿಸುವ ಕಬ್ಬಿಣವನ್ನು ಹಿಡಿದೆತ್ತಿದಾಗ ಬಾಯಿ ಲಟಕ್ಕನೆ ಮುರಿದು, ಹಿಡಿದದ್ದು ಕಾಲ ಮೇಲೆ ಬೀಳುತ್ತದೆ. ಕಿಟಕಿ ಸರಳಿನ ಮೆದು ಉಕ್ಕಿನ ಇಕ್ಕಳವಾದರೆ ಎಷ್ಟು ಕಾದರೂ, ಎಷ್ಟು ಅದ್ದಿದರೂ ಮೆದುವಾಗಿಯೇ ಉಳಿಯುತ್ತದೆ. ಹೆಚ್ಚೆಂದರೆ ಬಾಗೀತು. ಬಾಗಿದ್ದನ್ನು ಎರಡೇಟಿನಲ್ಲಿ ನೆಟ್ಟಗೆ ಮಾಡಬಹುದು. ಎಲ್ಲಕ್ಕಿಂತ ಅಗ್ಗದ ಲೋಹವೇ ಇಲ್ಲಿ ಎಲ್ಲಕ್ಕಿಂತ ಯೋಗ್ಯ. ಕಟ್ಟಡದ ಕಂಬಿಯಿಂದಲೂ ಇಕ್ಕಳದ ಹಿಡಿ ಮಾಡಿಕೊಳ್ಳಬಹುದು. ಕಂಬಿಯ ಹೊರಪದರಕ್ಕೆ ಕಾರ್ಖಾನೆಯಲ್ಲಿ ಕೊಟ್ಟ ಗಡಸು ಕುಲುಮೆಯ ಕಾವಿಗೆ ಇಳಿದುಹೋಗುತ್ತದೆ. ಹಾಗೆಂದು ಅದೇ ಕಂಬಿಯಿಂದ ಚಾಣ ಮಾಡಹೊರಟರೆ ಕೈ ನೋವೇ ಲಾಭ.

ಸತು ಬಳಿದ ನೀರಿನ ಕೊಳವೆ ಮಾತ್ರ ಬೆಂಕಿಯ ಹತ್ತಿರವೂ ಸುಳಿಯಬಾರದು. ಸತು 907 ಡಿಗ್ರಿಗೇ ಕುದಿದು ಬಿಳಿ ಹೊಗೆಯಾಗುತ್ತದೆ. ಅದನ್ನು ಉಸಿರಾಡಿದವರಿಗೆ ರಾತ್ರಿ ಮಲೇರಿಯದಂತೆ ನಡುಕ, ಜ್ವರ ಬರುತ್ತದೆ. ಮುಚ್ಚಿದ ಕೋಣೆಯಲ್ಲಿ ಹೆಚ್ಚು ಹೊತ್ತು ಉಸಿರಾಡಿದರೆ ಇನ್ನೂ ಕೆಟ್ಟದ್ದಾಗಬಹುದು.

ಕೆಂಪು ಕಬ್ಬಿಣವನ್ನು ಕತ್ತರಿಸುವ ಉಳಿಯ ಸಂಕಟ ಬೇರೆ ಬಗೆಯದು. ಅದಕ್ಕೆ ಕೊಟ್ಟ ಹದವೆಲ್ಲ 300 ಡಿಗ್ರಿಯೊಳಗಿನದು. ಅದು ಮುಟ್ಟುವುದು ಸಾವಿರ ಡಿಗ್ರಿಯ ಕಬ್ಬಿಣವನ್ನು. ಉಳಿ ಒಂದೆರಡು ಕ್ಷಣ ಹೆಚ್ಚಾಗಿ ನಿಂತರೂ ಹದ ಇಳಿದು ಬಾಯಿ ಮೊಂಡಾಗುತ್ತದೆ. ಆದ್ದರಿಂದ ಒಂದೇಟು, ಎತ್ತು, ಇನ್ನೊಂದೇಟು, ಎತ್ತು, ನಡುನಡುವೆ ತಣಿಸು. ಈ ಲಯ ಕಮ್ಮಾರನ ಮೈಗೇ ಅಂಟಿಬಂದದ್ದು. ಇದಕ್ಕೆಂದೇ ಈಗ ‘ಎಚ್ 13’ ಎಂಬ ಉಕ್ಕಿದೆ, ಅಚ್ಚು ಎರಕದ ಕಾರ್ಖಾನೆಗಳಲ್ಲಿ ಬಳಸುವಂಥದು. ಇಂಗಾಲ ನಾಲ್ಕೇ ಗ್ರಾಂ; ಆದರೆ ನೂರರಲ್ಲಿ ಐದು ಪಾಲು ಕ್ರೋಮಿಯಂ, ಜೊತೆಗೆ ಮಾಲಿಬ್ಡಿನಂ, ವೆನೇಡಿಯಂ. ಐನೂರು ಡಿಗ್ರಿಯ ಬಿಸಿಯಲ್ಲೂ ಇದು ಗಡಸನ್ನು ಬಿಟ್ಟುಕೊಡುವುದಿಲ್ಲ. ಆದರೆ ಮೊದಲೇ ಹೇಳಿದ ಸಾಧಾರಣ ಉಕ್ಕಿನ ಲೆಕ್ಕವೊಂದೂ ಇದಕ್ಕೆ ಹೊಂದುವುದಿಲ್ಲ. ಇದನ್ನು ಗಡಸುಗೊಳಿಸಲು ಸಾವಿರ ಡಿಗ್ರಿಗೂ ಮೇಲೆ ಏರಿಸಬೇಕು. ಅಯಸ್ಕಾಂತ ಬಿಟ್ಟಕೂಡಲೇ ತೆಗೆದರೆ ಸಾಲದು. ನೀರೂ ಬೇಡ, ಎಣ್ಣೆಯೂ ಬೇಡ, ಗಾಳಿಯಲ್ಲೇ ಗಡಸಾಗುತ್ತದೆ. ಕೆಲಸದ ನಡುವೆ ಅಭ್ಯಾಸಬಲದಿಂದ ಬಾನಿಗೆ ಅದ್ದಿದರೆ ದುಬಾರಿ ಉಳಿ ಎರಡು ಹೋಳು. ಎಡಗೈಯಲ್ಲಿ ಇಕ್ಕಳ, ಬಲಗೈಯಲ್ಲಿ ಸುತ್ತಿಗೆ, ಮನಸ್ಸು ಕಬ್ಬಿಣದ ಮೇಲೆ ಇರುವ ಹೊತ್ತಿನಲ್ಲಿ ಕೈ ತನ್ನಷ್ಟಕ್ಕೆ ಬಾನಿಯ ಕಡೆ ಹೋಗುವುದೇ ಹೆಚ್ಚು. ಹಾಗಾಗಿ ದಿನಕ್ಕೆ ಹತ್ತು ತುಂಡು ಕತ್ತರಿಸುವ ಕುಲುಮೆಗೆ ಕಮಾನು ಪಟ್ಟಿಯ ಉಳಿಯೇ ಸಾಕು; ಮೊಂಡಾದಾಗ ಸಾಣೆ ಕೊಟ್ಟರಾಯಿತು.

ಉಳಿ ಯಾವುದೇ ಇರಲಿ, ಅದರ ತಲೆಯ ವಿಷಯವೊಂದು ಉಳಿದಿದೆ. ಹೊಡೆಸಿಕೊಳ್ಳುವ ತುದಿ ಸುತ್ತಿಗೆಗಿಂತ ಮೆದುವಾಗಿರಲೇಬೇಕು. ಗಡಸಿಗೆ ಗಡಸು ತಾಗಿದರೆ ಎರಡರಲ್ಲಿ ಒಂದು ಸಿಡಿಯುತ್ತದೆ. ಮೆದು ತಲೆ ಬಡಿತಕ್ಕೆ ಹರಡಿ ಅಣಬೆಯ ಕೊಡೆಯಂತಾಗುತ್ತದೆ. ಆ ಕೊಡೆಯ ಅಂಚು ಬಡಿಸಿಕೊಂಡು ಬಡಿಸಿಕೊಂಡು ಪೆಡಸಾಗಿ ಚಕ್ಕೆ ಹಾರುತ್ತದೆ. ವಾರಕ್ಕೊಮ್ಮೆ ಅದನ್ನು ಸಾಣೆ ಹಿಡಿದು ಸಮ ಮಾಡುವುದಕ್ಕೆ ಐದು ನಿಮಿಷ ಸಾಕು. ಮಾಡದಿದ್ದಲ್ಲಿ ನಡೆಯುವುದೇನು? ಸಾಸಿವೆ ಕಾಳಿಗಿಂತ ಚಿಕ್ಕ ಚೂರು, ನೋವೂ ಹೆಚ್ಚಿಲ್ಲದೆ, ಕಣ್ಣಿನ ಒಳಕ್ಕೆ ಹೋಗಿಬಿಡುತ್ತದೆ. ‘ಧೂಳು ಬಿತ್ತು’ ಎಂದು ತೊಳೆದುಕೊಂಡು ಕೆಲಸ ಮುಂದುವರಿಸಿದವರುಂಟು. ಒಳಗುಳಿದ ಕಬ್ಬಿಣ ಕಣ್ಣಿನೊಳಗೇ ತುಕ್ಕು ಹಿಡಿದು, ತಿಂಗಳುಗಳಲ್ಲೋ ವರ್ಷಗಳಲ್ಲೋ ಅಕ್ಷಿಪಟಲಕ್ಕೆ ವಿಷವಾಗಿ ದೃಷ್ಟಿಯನ್ನು ತಿನ್ನುತ್ತದೆ. ಎಂ.ಆರ್.ಐ. ಯಂತ್ರದೊಳಗೆ ಮಲಗಿಸುವ ಮುನ್ನ ‘ಲೋಹದ ಕೆಲಸ ಮಾಡಿದ್ದೀರಾ, ಕಣ್ಣಿಗೆ ಚೂರು ಬಿದ್ದಿತ್ತೇ’ ಎಂದು ಆಸ್ಪತ್ರೆಯವರು ಕೇಳುವುದು ಸುಮ್ಮನೆ ಅಲ್ಲ. ಆ ಯಂತ್ರದ ಅಯಸ್ಕಾಂತ ಒಳಗಿನ ಚೂರನ್ನು ಸರಿಸಿಬಿಡಬಹುದು. ಒಂದು ಜೊತೆ ರಕ್ಷಣೆಯ ಕನ್ನಡಕದ ಬೆಲೆ ಒಂದು ಕುಡುಗೋಲಿನ ಬೆಲೆಗಿಂತ ಕಡಿಮೆ.

ಹಾಗಿದ್ದರೆ ಹೆಸರಿಲ್ಲದ ತುಂಡನ್ನು ಗುರುತಿಸುವುದು ಹೇಗೆ? ಸಾಣೆ ಚಕ್ರಕ್ಕೆ ಹಿಡಿದು ಕಿಡಿ ನೋಡುವುದು ಮೊದಲ ದಾರಿ. ಮೆದು ಉಕ್ಕಿನ ಕಿಡಿಗಳು ಉದ್ದವಾಗಿ, ನೇರ ಗೆರೆಗಳಾಗಿ ಹೋಗುತ್ತವೆ, ತುದಿಯಲ್ಲಿ ಅಲ್ಲೊಂದು ಇಲ್ಲೊಂದು ಕವಲು. ಇಂಗಾಲ ಹೆಚ್ಚಿದಂತೆ ಗೆರೆಗಳು ಗಿಡ್ಡವಾಗಿ, ನಕ್ಷತ್ರಕಡ್ಡಿಯಂತೆ ಒಡೆದೊಡೆದು ಪೊದೆಯಾಗುತ್ತವೆ. ಬೀಡು ಕಬ್ಬಿಣದ್ದು ಮಂಕು ಕೆಂಪು, ಚಕ್ರದ ಬುಡದಲ್ಲೇ ಮುಗಿಯುವಂಥದು. ಒಂದೇ ತುಂಡಿನ ಕಿಡಿ ನೋಡಿ ತೀರ್ಮಾನಿಸುವುದು ಜಾಣತನವಲ್ಲ. ಗೊತ್ತಿರುವ ಅರದ ತುಂಡು, ಕಿಟಕಿ ಸರಳಿನ ತುಂಡುಗಳನ್ನು ಪಕ್ಕದಲ್ಲಿಟ್ಟುಕೊಂಡು ಹೋಲಿಸಬೇಕು. ಆದರೆ ಬೆರೆತ ಲೋಹಗಳು ಕಿಡಿಯನ್ನು ಮರೆಮಾಡುತ್ತವೆ, ಆದ್ದರಿಂದ ಕಿಡಿಯೊಂದನ್ನೇ ನಂಬುವಂತಿಲ್ಲ.

ನಂಬಬಹುದಾದ ಪರೀಕ್ಷೆ ಎಂದರೆ ಮುರಿದು ನೋಡುವುದು. ಬೆರಳಿನಷ್ಟು ತುಂಡನ್ನು ಕತ್ತರಿಸಿ, ಅಯಸ್ಕಾಂತ ಬಿಡುವವರೆಗೆ ಕಾಯಿಸಿ, ಇನ್ನೂ ಸ್ವಲ್ಪ ಕಾವು ಕೊಟ್ಟು, ಮೊದಲು ಎಣ್ಣೆಗೆ ಅದ್ದಬೇಕು. ಆರಿದ ಮೇಲೆ ಅರ ಹಾಕಿದರೆ ಜಾರುತ್ತದೆಯೋ ಕಚ್ಚುತ್ತದೆಯೋ ನೋಡಬೇಕು. ಜಾರಿದರೆ ಎಣ್ಣೆಗೇ ಗಡಸಾಯಿತು ಎಂದು ಅರ್ಥ. ನೀರಿನ ತಂಟೆಯೇ ಬೇಡ. ಕಚ್ಚಿದರೆ ಮತ್ತೆ ಕಾಯಿಸಿ ನೀರಿಗೆ. ಅದಕ್ಕೂ ಅರ ಕಚ್ಚಿದರೆ ಅದು ಇಕ್ಕಳದ ಪಾಲು. ಗಡಸಾದ ತುಂಡನ್ನು ಗೋಣಿಚೀಲ ಸುತ್ತಿ, ಕನ್ನಡಕ ಹಾಕಿಕೊಂಡು, ಹಿಡಿಕೆಗೆ ಕಚ್ಚಿಸಿ ಮುರಿಯಬೇಕು. ಮುರಿದ ಮುಖ ಬೂದಿ ಬಣ್ಣದ ರೇಷ್ಮೆಯಂತೆ ನುಣುಪಾಗಿದ್ದರೆ ಕಾವು ಸರಿಯಿತ್ತು. ಸಕ್ಕರೆಯಂತೆ ಮಿನುಗುವ ಹರಳುಗಳಿದ್ದರೆ ಕಾವು ಮೀರಿತ್ತು. ಅದೇ ಉಕ್ಕನ್ನು ತಗ್ಗು ಕಾವಿನಲ್ಲಿ ಮತ್ತೊಮ್ಮೆ ಪರೀಕ್ಷಿಸಬೇಕು. ಮುರಿದ ಮುಖದಲ್ಲಿ ಒಂದು ಕಡೆ ಕಪ್ಪು ಅಥವಾ ತುಕ್ಕಿನ ಕಲೆ ಕಂಡರೆ ಅಲ್ಲಿ ಹಳೆಯ ಸೀಳಿತ್ತು, ಆ ಪಟ್ಟಿಯನ್ನೇ ಬಿಡಬೇಕು.

ಪರೀಕ್ಷೆಯಲ್ಲಿ ಗೆದ್ದ ಪಟ್ಟಿಯ ಉಳಿದ ಭಾಗದ ಮೇಲೆ, ಅದು ಯಾವ ಗಾಡಿಯದ್ದು, ಎಣ್ಣೆಯೋ ನೀರೋ, ಎಂಬುದನ್ನು ಚಾಣದಿಂದ ಗುರುತು ಹೊಡೆದು ಇಡಬೇಕು. ಸೀಮೆಸುಣ್ಣದಲ್ಲಿ ಬರೆದದ್ದು ಮುಂದಿನ ಮಳೆಗಾಲದವರೆಗೆ ಉಳಿಯುವುದಿಲ್ಲ. ಮುರಿದ ಚೂರನ್ನೂ ತಂತಿಯಲ್ಲಿ ಪೋಣಿಸಿ ಅದೇ ಪಟ್ಟಿಗೆ ಕಟ್ಟಿಟ್ಟರೆ, ಆರು ತಿಂಗಳಾದ ಮೇಲೆ ಇನ್ನೊಂದು ಉಳಿ ಬೇಕಾದಾಗ ಮತ್ತೆ ಮೊದಲಿನಿಂದ ಆರಂಭಿಸಬೇಕಾಗುವುದಿಲ್ಲ.